ಕಡಲ ಜಗಳ, ಸಣ್ಣವರ ಕೂಟ: ತಪ್ಪು ಕಲ್ಪನೆ ಮತ್ತು ಸತ್ಯ

ತಪ್ಪು ಕಲ್ಪನೆ 1: ಕಡಲ ಜಗಳ ಕರಾವಳಿಯವರ ಪಾಡು, ದುರ್ಗದ ಬಯಲುಸೀಮೆಗೆ ಅದರ ಗೊಡವೆಯಿಲ್ಲ.

ಸತ್ಯ: ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ. 2010ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿದ್ದ ಅದಿರು ರಫ್ತಿಗೆ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಅನುಮತಿ ಕೊಟ್ಟಿತು. ನಮ್ಮ ಕರಾವಳಿಯಿಂದ ಚೀನಾಕ್ಕೆ ಅದಿರು ಹೊತ್ತು ಹೊರಟ ಹಡಗು ಸಾಮಾನ್ಯವಾಗಿ ಮಲಕ್ಕಾ ಜಲಸಂಧಿ ದಾಟಿ ದಕ್ಷಿಣ ಚೀನಾ ಸಮುದ್ರಕ್ಕೇ ಸೇರುತ್ತದೆ. ಚೀನಾ ಮತ್ತು ಅದರ ನೆರೆಯ ಸಣ್ಣ ದೇಶಗಳ ನಡುವಿನ ಇವತ್ತಿನ ದೊಡ್ಡ ತಂಟೆ ಇರುವುದೂ ಅಲ್ಲೇ.

ತಪ್ಪು ಕಲ್ಪನೆ 2: ಹಿಂದೆ ನಮ್ಮದೇ ಕರಾವಳಿಯಲ್ಲಿ ಇಂಥ ಕಡಲ ಜಗಳ ಎದ್ದಾಗ ಪೋರ್ಚುಗೀಸರ ಎದುರು ನಮ್ಮ ಅರಸರು ಒಂದಾಗಲೇ ಇಲ್ಲ.

ಸತ್ಯ: ಆಗಿದ್ದರು. ಪೋರ್ಚುಗೀಸರ ‘ಕರ್ತಾಸ್’ ಎಂಬ ರಹದಾರಿ ಇಲ್ಲದೆ ಕಡಲಿಗಿಳಿದ ಹಡಗನ್ನು ಅವರು ಸರಕು ಸಮೇತ ಹಿಡಿಯುತ್ತಿದ್ದರು. 1569ರಲ್ಲಿ ಹೊನ್ನಾವರ, ಬಸರೂರುಗಳೂ ಅವರ ಪಾಲಾದವು. ಮರುವರ್ಷ ಬಿಜಾಪುರದ ಆದಿಲ್ ಷಾ ಗೋವಾಕ್ಕೆ, ಅಹಮದ್‌ನಗರದ ನಿಜಾಮ್ ಷಾ ಪೋರ್ಚುಗೀಸರದೇ ನೆಲೆಯಾದ ಚೌಲ್‌ಗೆ ಮುತ್ತಿಗೆ ಹಾಕಿದರು. ಕಲ್ಲಿಕೋಟೆಯ ಸಾಮೂದಿರಿ ಪೋರ್ಚುಗೀಸರ ಚಾಲಿಯಂ ಕೋಟೆಯ ಮೇಲೆ ಬಿದ್ದ. ಗೇರುಸೊಪ್ಪೆಯ ರಾಣಿ ಹೊನ್ನಾವರವನ್ನು ಮರಳಿ ಪಡೆಯಲು ಹೋರಾಡಿದಳು.

ತಪ್ಪು ಕಲ್ಪನೆ 3: ಕೂಟ ಕಟ್ಟಿದರೆ ಗೆದ್ದಂತೆಯೇ.

ಸತ್ಯ: ಗೋವಾವನ್ನು ನೆಲದ ಕಡೆಯಿಂದ ಸುತ್ತುವರಿದರೂ ಕಡಲ ಬಾಗಿಲು ತೆರೆದೇ ಇತ್ತು, ಹಡಗುಗಳು ಬಂದುಹೋಗುತ್ತಿದ್ದವು. 1571ರಲ್ಲಿ ಮೊದಲು ನಿಜಾಮ್ ಷಾ, ಆಮೇಲೆ ಆದಿಲ್ ಷಾ ತಮ್ಮ ತಮ್ಮ ಪಾಡಿಗೆ ರಾಜಿ ಮಾಡಿಕೊಂಡರು. ಚಾಲಿಯಂ ಕೋಟೆಯೊಂದು ಮಾತ್ರ ಸಾಮೂದಿರಿಗೆ ದಕ್ಕಿತು. ಹೊನ್ನಾವರ, ಬಸರೂರುಗಳನ್ನು ಪೋರ್ಚುಗೀಸರಿಂದ ಬಿಡಿಸಲು 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕನೇ ಬರಬೇಕಾಯಿತು.

ತಪ್ಪು ಕಲ್ಪನೆ 4: ಇಂದಿನ ದಕ್ಷಿಣ ಚೀನಾ ಸಮುದ್ರದ ಜಗಳದಲ್ಲಿ ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಎಂಬುದು ಚೀನಾ ವಿರುದ್ಧದ ಸೇನಾಕೂಟ.

ಸತ್ಯ: 1967ರಲ್ಲಿ ಹುಟ್ಟಿದ ಆಸಿಯಾನ್‌ಗೆ ಸೈನ್ಯವಿಲ್ಲ, ನ್ಯಾಯಾಲಯದ ಅಧಿಕಾರವೂ ಇಲ್ಲ. ಎಲ್ಲರೂ ಒಪ್ಪಿದರಷ್ಟೇ ಅಲ್ಲಿ ತೀರ್ಮಾನ. ವಿಯೆಟ್ನಾಂ, ಫಿಲಿಪೀನ್ಸ್, ಮಲೇಷ್ಯಾ, ಬ್ರೂನಿಗಳಿಗೆ ಚೀನಾದೊಡನೆ ಕಡಲ ತಕರಾರಿದೆ. ಕಾಂಬೋಡಿಯಾ, ಲಾವೋಸ್‌ಗಳಿಗೆ ಇಲ್ಲ. 2002ರಲ್ಲಿ ಚೀನಾ ಜತೆ ಈ ಕಡಲಿನ ಬಗ್ಗೆ ಒಂದು ಘೋಷಣೆಗೆ ಸಹಿಯಾಯಿತು, ಆದರೆ ಅದಕ್ಕೆ ಕಾನೂನಿನ ಬಲವಿಲ್ಲ. 2012ರಲ್ಲಿ ಕಾಂಬೋಡಿಯಾದ ಅಧ್ಯಕ್ಷತೆಯಲ್ಲಿ ಸೇರಿದ ವಿದೇಶಾಂಗ ಸಚಿವರು ಈ ಕಡಲ ವಿಷಯದಲ್ಲಿ ಒಮ್ಮತ ಮೂಡದೆ, ಮೊದಲ ಬಾರಿಗೆ ಜಂಟಿ ಹೇಳಿಕೆಯಿಲ್ಲದೆ ಎದ್ದುಹೋದರು. ಹೇಗ್‌ನ ಮಧ್ಯಸ್ಥಿಕೆ ನ್ಯಾಯಮಂಡಳಿಯ ಮುಂದೆ ಹೋದದ್ದು ಫಿಲಿಪೀನ್ಸ್ ಒಂದೇ. 2016ರಲ್ಲಿ ತೀರ್ಪು ಅದರ ಕಡೆಗೇ ಬಂತು, ಚೀನಾ ಒಪ್ಪಲಿಲ್ಲ.

ಅಂದು ಪೋರ್ಚುಗೀಸರಿಗೆ ಒದಗಿದ್ದು ಬೇರೆ ಬೇರೆ ರಾಜಿ. ಇಂದು ಚೀನಾ ಬಯಸುವುದೂ ಒಬ್ಬೊಬ್ಬರೊಡನೆ ಪ್ರತ್ಯೇಕ ಮಾತುಕತೆಯನ್ನೇ. ಕೂಟದ ಬಲ ಅಳೆಯಬೇಕಾದರೆ ಸದಸ್ಯರ ತಲೆ ಎಣಿಸಿ ಪ್ರಯೋಜನವಿಲ್ಲ; ಒಬ್ಬನಿಗೆ ಲಾಭದ ರಾಜಿ ಎದುರು ಬಂದಾಗ ಅವನು ಉಳಿದವರನ್ನು ಕೇಳಿ ಸಹಿ ಹಾಕುತ್ತಾನೋ ಇಲ್ಲವೋ ಎಂಬುದನ್ನು ನೋಡಬೇಕು.