ಚಿತ್ತೆ ಮಳೆಯಲ್ಲಿ ಚಿತ್ತೆ ಯಾಕೆ ಕಾಣೋದಿಲ್ಲ?

ಅಕ್ಟೋಬರ್ 10-11ಕ್ಕೆ ಹಸ್ತ ಮಳೆ ಮುಗಿದು ಚಿತ್ತೆ ಮಳೆ ಹುಟ್ಟುತ್ತದೆ. 23-24ರವರೆಗೆ ಅದರ ಸರದಿ. ಅಂಗಳದಲ್ಲಿ ಅಡಿಕೆ ಹರವಿದವರಿಗೂ ಗದ್ದೆಯಲ್ಲಿ ಪೈರು ಕೊಯ್ದು ಹಾಕಿದವರಿಗೂ ಆಗ ಆಕಾಶ ನೋಡುವುದೇ ಕೆಲಸ. ಎಷ್ಟು ನೋಡಿದರೂ ಚಿತ್ತೆ ನಕ್ಷತ್ರ ಮಾತ್ರ ಕಾಣದು. ಇದಕ್ಕೆ ಮೋಡ ಕಾರಣ ಅಲ್ಲ.

ಪಂಚಾಂಗದವರು ಸೂರ್ಯನ ದಾರಿಯನ್ನು 27 ಪಾಲು ಮಾಡಿದ್ದಾರೆ. ಒಂದು ಪಾಲು ದಾಟಲು ಸೂರ್ಯನಿಗೆ 13-14 ದಿನ ಬೇಕು. ಸೂರ್ಯ ಚಿತ್ತೆಯ ಪಾಲಿನಲ್ಲಿರುವ ದಿನಗಳೇ ಚಿತ್ತೆ ಮಳೆ. ಅಕ್ಟೋಬರ್ 16-17ಕ್ಕೆ ಸೂರ್ಯ ಆ ನಕ್ಷತ್ರದ ಪಕ್ಕದಲ್ಲೇ ಹಾದುಹೋಗುತ್ತಾನೆ. ಅವನ ಜೊತೆಗೇ ಹುಟ್ಟಿ, ಜೊತೆಗೇ ಮುಳುಗುವ ನಕ್ಷತ್ರ ನಮಗೆ ಕಾಣೋದು ಹೇಗೆ?

ಚಿತ್ತೆಯನ್ನು ನೋಡಬೇಕಾದರೆ ಏಪ್ರಿಲ್-ಮೇ ತಿಂಗಳೇ ಸರಿ. ರಾತ್ರಿ ಊಟ ಮುಗಿಸಿ ಅಂಗಳಕ್ಕೆ ಬನ್ನಿ. ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಹಾಗೆಯೇ ಮುಂದಕ್ಕೆ ಎಳೆದರೆ ಮೊದಲು ಸಿಗುವುದು ಕಿತ್ತಳೆ ಬಣ್ಣದ ಸ್ವಾತಿ. ಅದೇ ಬಾಗಿನಲ್ಲಿ ಇನ್ನೂ ದಕ್ಷಿಣಕ್ಕೆ ಹೋದರೆ ನೀಲಿ ಬಿಳುಪಿನ ಚಿತ್ತೆ. ಹುಣ್ಣಿಮೆ ಚಂದ್ರ ಇದರ ಹತ್ತಿರ ಬರುವ ತಿಂಗಳಿಗೇ ಚೈತ್ರ ಎಂಬ ಹೆಸರು. ಪಶ್ಚಿಮದವರು ಇದನ್ನು ಸ್ಪೈಕಾ ಅನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಧಾನ್ಯದ ತೆನೆ. ಕನ್ಯಾ ರಾಶಿಯ ಹುಡುಗಿ ಕೈಯಲ್ಲಿ ಹಿಡಿದ ತೆನೆ ಅದು.

ಕಣ್ಣಿಗೆ ಒಂದೇ ಚುಕ್ಕಿ. ನಿಜಕ್ಕೂ ಅಲ್ಲಿ ಎರಡು ನಕ್ಷತ್ರ ಉಂಟು. ಅದರ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿ ಇದನ್ನು ಕಂಡುಕೊಂಡವರು ಜರ್ಮನಿಯ ಹರ್ಮನ್ ಫೋಗೆಲ್, 1890ರಲ್ಲಿ. ದೊಡ್ಡದು ದೈತ್ಯ ನಕ್ಷತ್ರ, ತೂಕದಲ್ಲಿ ಸುಮಾರು 10 ಸೂರ್ಯರಷ್ಟು. ಎರಡೂ ಒಂದನ್ನೊಂದು ಸುತ್ತಲು 4 ದಿನ ಸಾಕು. ಎಷ್ಟು ಹತ್ತಿರ ಅಂದರೆ, ಪರಸ್ಪರ ಸೆಳೆತಕ್ಕೆ ಎರಡೂ ಮೊಟ್ಟೆಯಂತೆ ಉದ್ದವಾಗಿವೆ. ಅಲ್ಲಿಂದ ಹೊರಟ ಬೆಳಕು ನಮ್ಮಲ್ಲಿಗೆ ಮುಟ್ಟಲು ಸುಮಾರು 250 ವರ್ಷ ಬೇಕು. ಅಷ್ಟು ದೂರದ ಜೋಡಿ ನಮ್ಮ ತೋಟಕ್ಕೆ ಮಳೆ ಸುರಿಸುವುದಿಲ್ಲ. ಅದು ಗೋಡೆಯ ಕ್ಯಾಲೆಂಡರ್‌ನಂತೆ ದಿನ ತೋರಿಸುತ್ತದೆ, ಅಷ್ಟೆ.

ಆ ಕ್ಯಾಲೆಂಡರೂ ನಿಧಾನವಾಗಿ ಜರುಗುತ್ತಾ ಇದೆ. ಭೂಮಿಯ ಅಕ್ಷ ಬುಗುರಿಯಂತೆ ಓಲಾಡುವುದೇ ಇದಕ್ಕೆ ಕಾರಣ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕರ ಹಿಪಾರ್ಕಸ್ ಇದನ್ನು ಪತ್ತೆ ಮಾಡಿದ್ದು ಇದೇ ಚಿತ್ತೆಯ ಹಳೆಯ ಅಳತೆಯನ್ನು ತನ್ನ ಅಳತೆಯ ಜೊತೆ ಹೋಲಿಸಿ. ಸುಮಾರು 1,700 ವರ್ಷದ ಹಿಂದೆ ಸೂರ್ಯ ಚಿತ್ತೆಯ ಬಳಿ ಬರುತ್ತಿದ್ದುದು ಹಗಲು-ರಾತ್ರಿ ಸಮವಾಗುವ ದಿನದಂದು. ಆ ದಿನ ಈಗ ಸೆಪ್ಟೆಂಬರ್ 22-23ಕ್ಕೆ ಬರುತ್ತದೆ, ಸೂರ್ಯ ಚಿತ್ತೆಗೆ ಬರುವುದು ಅಕ್ಟೋಬರ್ ನಡುವಿಗೆ. ಋತು ನಡೆಯುವುದು ಹಗಲು-ರಾತ್ರಿಯ ಲೆಕ್ಕದಲ್ಲಿ, ನಕ್ಷತ್ರದ ಲೆಕ್ಕದಲ್ಲಿ ಅಲ್ಲ.

'ಈಗ ಮಳೆ ನಕ್ಷತ್ರ ತಪ್ಪಿದೆ, ಪಂಚಾಂಗವೇ ಹಿಂದೆ ಬಿದ್ದಿದೆ' ಅನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿ: ಜರುಗುವುದು 70 ವರ್ಷಕ್ಕೆ ಸುಮಾರು 1 ದಿನ. ನಮ್ಮ ಅಜ್ಜನ ಕಾಲಕ್ಕೂ ನಮಗೂ ಒಂದೇ ದಿನದ ವ್ಯತ್ಯಾಸ. ಮಳೆ ವಾರಗಟ್ಟಲೆ ಹಿಂದೆ ಮುಂದೆ ಆದರೆ ತಪ್ಪನ್ನು ಚಿತ್ತೆಯ ಮೇಲೆ ಹೊರಿಸಿ ಪ್ರಯೋಜನವಿಲ್ಲ. ಮಳೆ ನಕ್ಷತ್ರದ ಹೆಸರು ಇರಲಿ, ನೆನಪಿಡಲು ಅದು ಸುಲಭ. ಅದರ ಪಕ್ಕದಲ್ಲೇ ದಿನದ ಮಳೆ ಎಷ್ಟು ಮಿಲಿಮೀಟರ್ ಎಂದು ಬರೆದಿಡಿ. ಅಡಿಕೆ ಯಾವಾಗ ಹರವಬೇಕು ಅಂತ ಹೇಳುವುದು ನಿಮ್ಮದೇ ಹತ್ತು ವರ್ಷದ ಆ ಪುಸ್ತಕ.