ರಾಗಿಗೆ ಹೈಬ್ರಿಡ್ ಬೀಜ ಏಕಿಲ್ಲ?

ಮುಸುಕಿನ ಜೋಳಕ್ಕೆ, ಟೊಮೆಟೊಗೆ, ಸೂರ್ಯಕಾಂತಿಗೆಲ್ಲ ಅಂಗಡಿಯಲ್ಲಿ ಹೈಬ್ರಿಡ್ ಬೀಜದ ಪೊಟ್ಟಣ ಸಿಗುತ್ತದೆ, ರಾಗಿಗೆ ಏಕೆ ಸಿಗುವುದಿಲ್ಲ? ಬಯಲುಸೀಮೆಯ ರೈತರು ಕೃಷಿ ವಿದ್ಯಾರ್ಥಿಗಳಿಗೆ ಹಾಕುವ ಪ್ರಶ್ನೆಗಳಲ್ಲಿ ಇದೂ ಒಂದು. ಕೆಲವು ಊರುಗಳಲ್ಲಿ ಇಂಡಾಫ್ ರಾಗಿಯನ್ನೇ ‘ಹೈಬ್ರಿಡ್ ರಾಗಿ’ ಎಂದು ಕರೆಯುವ ರೂಢಿಯೂ ಇದೆ. ಅದು ಸಂಕರಣದಿಂದ ಹುಟ್ಟಿದ ತಳಿ, ನಿಜ. ಆದರೆ ಹೈಬ್ರಿಡ್ ಬೀಜದಂತೆ ಅದರ ಬೀಜವನ್ನು ವರ್ಷವರ್ಷವೂ ಕೊಳ್ಳಬೇಕಿಲ್ಲ. ಕಣದಲ್ಲಿ ಎತ್ತಿಟ್ಟ ಕಾಳನ್ನೇ ಮುಂದಿನ ಮುಂಗಾರಿಗೆ ಬಿತ್ತಬಹುದು.

ಉತ್ತರವಿರುವುದು ಹೂವಿನಲ್ಲಿ.

ರಾಗಿ ತೆನೆಯ ಒಂದು ಇಲುಕನ್ನು ಮಸೂರದ ಅಡಿ ಇಟ್ಟು ನೋಡಿದರೆ ಒತ್ತೊತ್ತಾಗಿ ಜೋಡಿಸಿದಂತೆ ಪುಟ್ಟ ಹೂಗಳು ಕಾಣುತ್ತವೆ. ಒಂದೊಂದರೊಳಗೂ ಮೂರು ಕೇಸರ, ಪಕ್ಕದಲ್ಲೇ ಗರಿಯಂಥ ಎರಡು ಶಲಾಕೆ. ಹೂ ಅರಳುವುದು ನಡುರಾತ್ರಿ ಕಳೆದ ಮೇಲೆ, ಸುಮಾರು ಒಂದರಿಂದ ಐದು ಗಂಟೆಯೊಳಗೆ. ಅರಳುತ್ತಿದ್ದಂತೆ ತನ್ನ ಪರಾಗ ತನಗೇ ತಗಲಿ ಕಾಳು ಕಟ್ಟಿಬಿಡುತ್ತದೆ. ಸಾವಿರ ಕಾಳು ಕೂಡಿದರೂ 3 ಗ್ರಾಂ ತೂಗುವುದು ಕಷ್ಟ ಎನ್ನುವಂಥ ಬೆಳೆಯಲ್ಲಿ, ಒಂದೊಂದು ಹೂವಿನ ಕೇಸರವನ್ನೂ ಚಿಮಟದಿಂದ ಕಿತ್ತು ಎಕರೆಗಟ್ಟಲೆ ಹೊಲಕ್ಕಾಗುವಷ್ಟು ಹೈಬ್ರಿಡ್ ಬೀಜ ಮಾಡುವುದು ಆಗದ ಕೆಲಸ.

ಸಂಶೋಧನೆಗೆ ಬೇಕಾದ ಒಂದು ಹಿಡಿ ಬೀಜಕ್ಕೆ ಮಾತ್ರ ಉಪಾಯವಿದೆ. ತಾಯಿ ತೆನೆಯನ್ನು ಸುಮಾರು 50 ಡಿಗ್ರಿ ಬಿಸಿಯ ನೀರಿನಲ್ಲಿ ಕೆಲವು ನಿಮಿಷ ಅದ್ದುತ್ತಾರೆ. ಪರಾಗ ಸಾಯುತ್ತದೆ, ಶಲಾಕೆ ಬದುಕುತ್ತದೆ. ಆಮೇಲೆ ತಂದೆ ತೆನೆಯನ್ನು ಅದಕ್ಕೆ ಒತ್ತಿ ಕಟ್ಟಿ, ಎರಡಕ್ಕೂ ಸೇರಿಸಿ ಕಾಗದದ ಚೀಲ ತೊಡಿಸುತ್ತಾರೆ. ಹೀಗೆ ಮಾಡಿದರೂ ಎಲ್ಲ ಕಾಳೂ ಸಂಕರವಾಗುವುದಿಲ್ಲ. ಯಾವುದು ಆಗಿದೆ ಎಂದು ತಿಳಿಯುವ ಬಗೆ ಬಹಳ ಸೊಗಸು: ತಾಯಿಯಾಗಿ ಹಸಿರು ಗಿಣ್ಣಿನ ಗಿಡ, ತಂದೆಯಾಗಿ ನೇರಳೆ ಗಿಣ್ಣಿನ ಗಿಡ ಆರಿಸಿಕೊಳ್ಳುತ್ತಾರೆ. ನೇರಳೆ ಪ್ರಬಲ ಗುಣ. ಮುಂದಿನ ಹಂಗಾಮಿನ ಸಾಲಿನಲ್ಲಿ ಯಾವ ಪೈರಿನ ಗಿಣ್ಣು ನೇರಳೆಯಾಗಿದೆಯೋ ಅದೇ ಸಂಕರ. ಹಸಿರು ಗಿಣ್ಣಿನದು ತನ್ನಷ್ಟಕ್ಕೆ ತಾನೇ ಕಾಳು ಕಟ್ಟಿಕೊಂಡದ್ದು. ಯಾವ ಯಂತ್ರವೂ ಬೇಡ, ಕಣ್ಣು ಸಾಕು.

ಈ ಸೂಕ್ಷ್ಮ ಕೆಲಸದಲ್ಲಿ ಬದುಕು ಸವೆಸಿದವರು ಮಂಡ್ಯದ ವಿ.ಸಿ. ಫಾರಂನ ಲಕ್ಷ್ಮಣಯ್ಯ. ರೈತರ ಬಾಯಲ್ಲಿ ಅವರು ‘ರಾಗಿ ಲಕ್ಷ್ಮಣಯ್ಯ’. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳನ್ನು ಕೊಟ್ಟ ಮೇಲೆ, 1960ರ ದಶಕದಲ್ಲಿ ಅವರು ಆಫ್ರಿಕಾದ ರಾಗಿಯತ್ತ ತಿರುಗಿದರು. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನೆಲ. ಅಲ್ಲಿಯ ಗಿಡದ ಗಟ್ಟಿ ಕಾಂಡ, ದಪ್ಪ ತೆನೆಯನ್ನು ನಮ್ಮ ರಾಗಿಯೊಂದಿಗೆ ಕೂಡಿಸಿದಾಗ ಹುಟ್ಟಿದ್ದು ‘ಇಂಡಾಫ್’, ಇಂಡಿಯಾ ಮತ್ತು ಆಫ್ರಿಕಾ ಕೂಡಿದ ಹೆಸರು. ಇಂದು ರಾಜ್ಯದಲ್ಲಿ ಹಬ್ಬಿರುವ, ಬೆಂಕಿ ರೋಗ ತಡೆಯುವ ಜಿಪಿಯು-28 ಕೂಡ ಇಂಡಾಫ್ ಸಂತಾನವೇ.

2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ ಎಂಎಲ್-365 ತಳಿಯ ಜೀನೋಮನ್ನು ಓದಿ ಪ್ರಕಟಿಸಿತು. ದೊಡ್ಡ ಸಾಧನೆಯೇ. ಆದರೆ ಜೀನೋಮ್ ಕೈಗೆ ಬಂತು, ಇನ್ನು ಹೊಸ ತಳಿ ತಿಂಗಳುಗಳಲ್ಲಿ ಸಿದ್ಧ ಎಂಬ ಮಾತನ್ನು ನಂಬುವಂತಿಲ್ಲ. ಯಾವ ಗಿಡವನ್ನು ಉಳಿಸಿಕೊಳ್ಳಬೇಕೆಂಬ ಸುಳಿವನ್ನು ಜೀನು ಕೊಡಬಹುದು. ಗುಣಗಳು ನೆಲೆಗೊಳ್ಳಲು ಆರೇಳು ತಲೆಮಾರು ಬಿತ್ತಿ ಬೆಳೆಯಲೇಬೇಕು, ಬೆಂಕಿ ರೋಗ ಬರುವ ಹೊಲದಲ್ಲಿ ನಿಲ್ಲಿಸಿ ನೋಡಲೇಬೇಕು.

ಇಂಥ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಗಳ ಎಂ.ಎಸ್ಸಿ. ಪದವಿಗೆ ಇರುವುದು ಎರಡೇ ವರ್ಷ, ಅದರಲ್ಲಿ ಪಾಠಕ್ಕೂ ಪರೀಕ್ಷೆಗೂ ಪಾಲು ಹೋಗುತ್ತದೆ. ಹಾಗಾಗಿ ಒಬ್ಬ ವಿದ್ಯಾರ್ಥಿನಿ ತೆನೆ ಕಟ್ಟಿ, ನೇರಳೆ ಗಿಣ್ಣುಗಳನ್ನು ಎಣಿಸಿ, ಎರಡನೆಯ ತಲೆಮಾರಿನ ಅಳತೆಗಳನ್ನು ಪ್ರಬಂಧದಲ್ಲಿ ಬರೆಯುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಬೀಜದ ಪೊಟ್ಟಣಗಳ ಮೇಲೆ ಸಂಖ್ಯೆ ಬರೆದು ಶೀತಕೋಣೆಯಲ್ಲಿಟ್ಟು ಹೊರಡುತ್ತಾಳೆ. ಮುಂದಿನ ಮುಂಗಾರಿಗೆ ಅವನ್ನು ಬಿಚ್ಚಿ ಬಿತ್ತುವುದು ಅವಳ ನಂತರ ಸೇರಿದವರ ಕೈ.