ಹತ್ತಿ ಒಯ್ಯಲು ಬಂದ ಗಾಡಿ

ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 58 ಕಿಲೋಮೀಟರ್. ಎಕ್ಸ್‌ಪ್ರೆಸ್ ಹತ್ತಿದವರಿಗೆ ನಡುವೆ ಏನೂ ಇಲ್ಲ, ಎರೆ ಹೊಲ ಅಷ್ಟೆ. ಪ್ಯಾಸೆಂಜರ್ ಹತ್ತಿದವರಿಗೆ ಕುಸುಗಲ್, ಹೆಬಸೂರ, ಶಿಶ್ವಿನಹಳ್ಳಿ, ಅಣ್ಣಿಗೇರಿ, ಹುಲಕೋಟಿ, ಬಿಂಕದಕಟ್ಟಿ ಎಂದು ಒಂದೊಂದೇ ಊರು ಎದುರಾಗುತ್ತದೆ. ಈ ಟೇಶನ್‌ಗಳು ಮಂದಿಯನ್ನು ನೆನೆದು ಕಟ್ಟಿದವಲ್ಲ. ಅವುಗಳ ಹಿಂದೆ ಹತ್ತಿಯಿತ್ತು, ಬರವಿತ್ತು.

ರೈಲು ಬರುವ ಮೊದಲು ಧಾರವಾಡ ಸೀಮೆಯ ಅರಳೆ ಚಕ್ಕಡಿಯಲ್ಲಿ ಘಟ್ಟ ಇಳಿಯುತ್ತಿತ್ತು. ಕಲಘಟಗಿ–ಯಲ್ಲಾಪುರದ ದಾರಿ ಒಂದು, ಶಿರಸಿಯ ದಾರಿ ಇನ್ನೊಂದು. ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಮುಂಬಯಿ ಪೇಟೆಯಲ್ಲಿ ನಮ್ಮ ಹೊಲದ ಹತ್ತಿಗೆ ‘ಕುಮಟಾ’ ಎಂದೇ ಹೆಸರು. ಬೆಳೆದ ಊರಿನ ಹೆಸರು ಹೋಗಿ ಸಾಗಿಸಿದ ಊರಿನದು ನಿಂತಿತು; ವ್ಯಾಪಾರದ ನ್ಯಾಯವೇ ಹಾಗೆ.

1876–78ರ ಬರಗಾಲದಲ್ಲಿ ಕಾಳು ಸಾಗಿಸಲು ದಾರಿಯಿಲ್ಲದೆ ಜನ ಸತ್ತ ಮೇಲೆ ಸರಕಾರ ಬರಪೀಡಿತ ಸೀಮೆಗಳಿಗೆ ರೈಲು ಹಾಕಿಸಲು ಮುಂದಾಯಿತು. 1882ರಲ್ಲಿ ಲಂಡನ್ನಿನಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕ ಮುಗಿಯುವುದರೊಳಗೆ ಅದರ ಮೀಟರ್ ಗೇಜ್ ಹಳಿ ಬಳ್ಳಾರಿ, ಗದಗ, ಹುಬ್ಬಳ್ಳಿಗಳನ್ನು ಮರ್ಮಗೋವಾ ಬಂದರಿಗೆ ಕೂಡಿಸಿತು. ಹತ್ತಿಯ ಅಂಡಿಗೆಗಳು ಅತ್ತ ತಿರುಗಿದವು, ಕುಮಟಾ ಬಂದರು ಬಡವಾಯಿತು. ಬರದಲ್ಲಿ ಕಾಳು ತರಲಿಕ್ಕೆಂದು ಹೇಳಿದ ಗಾಡಿ ಸುಗ್ಗಿಯಲ್ಲಿ ಹತ್ತಿ ಒಯ್ಯಲಿಕ್ಕೇ ಹೆಚ್ಚು ಒದಗಿತು.

ಹುಬ್ಬಳ್ಳಿಯಿಂದ ಹರಿಹರದತ್ತ ಹೊರಟ ಇನ್ನೊಂದು ಹಳಿಯ ಮೇಲೆ ಕುಂದಗೋಳ, ಸಂಶಿ, ಗುಡಗೇರಿ ಬರುತ್ತವೆ. ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ಹುಬ್ಬಳ್ಳಿ ಬಿಟ್ಟು ಇಪ್ಪತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಗಾಡಿ ಬ್ರಿಟಿಷರ ಮುಲುಕು ದಾಟಿರುತ್ತಿತ್ತು. ಈ ಸಣ್ಣ ಟೇಶನ್ನಿಗೆ ಹಿಂದುಸ್ತಾನಿ ಸಂಗೀತ ಋಣಿಯಾಗಿರಬೇಕು. ಸವಾಯಿ ಗಂಧರ್ವ ಎಂದು ಹೆಸರಾದ ರಾಮಭಾವು ಕುಂದಗೋಳಕರರು ನಾಟಕ ಕಂಪನಿಗಳ ತಿರುಗಾಟ ಮುಗಿಸಿ ಊರಿಗೆ ಬಂದು ನಿಂತಾಗ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಪಾಠಕ್ಕೆ ರೈಲಿನಲ್ಲೇ ಬಂದು ಹೋಗುತ್ತಿದ್ದರು. ಗದಗಿನಿಂದ 11ರ ವಯಸ್ಸಿಗೇ ಟಿಕೇಟಿಲ್ಲದೆ ರೈಲು ಹತ್ತಿ, ಗುರುವನ್ನು ಹುಡುಕುತ್ತ ಉತ್ತರ ಭಾರತವೆಲ್ಲ ಅಲೆದು ಬಂದಿದ್ದ ಭೀಮಸೇನ ಜೋಶಿ ಆಗ ಗುರುಗಳ ಮನೆಯಲ್ಲೇ ಇದ್ದರು. ಸಂಜೆ ಗಂಗೂಬಾಯಿಯವರನ್ನು ಟೇಶನ್ನಿಗೆ ಕಳಿಸಿಬರುವ ಕೆಲಸ ಅವರದು. ದಾರಿಯುದ್ದಕ್ಕೂ, ಇಂದು ಗುರುಗಳು ಏನು ಹೇಳಿಕೊಟ್ಟರು, ಹಾಡಿ ತೋರಿಸಿ ಎಂದು ಕೇಳುತ್ತಿದ್ದರಂತೆ. ಕಿರಾಣಾ ಘರಾಣೆಯ ಒಂದಿಷ್ಟು ಪಾಠ ಹೀಗೆ ಟೇಶನ್ ದಾರಿಯಲ್ಲೇ ನಡೆದಿದೆ. ಯಾವ ಕಂಪನಿಯ ಲೆಕ್ಕಪುಸ್ತಕದಲ್ಲೂ ಈ ಆದಾಯ ಜಮೆಯಾಗಿಲ್ಲ.

ಕಂಪನಿಯ ಹೆಸರು 1908ರಲ್ಲಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ಎಂದಾಯಿತು. 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ, 2003ರಿಂದ ಹುಬ್ಬಳ್ಳಿಯೇ ಕೇಂದ್ರವಾದ ನೈಋತ್ಯ ರೈಲ್ವೆ. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. 2023ರಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ ಪ್ಲಾಟ್‌ಫಾರ್ಮು 1507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಹೆಮ್ಮೆಯೇ ಸರಿ, ಆದರೆ ಕುಸುಗಲ್ಲಿನಲ್ಲಿ ಗಾಡಿ ಕಾಯುವವನಿಗೆ ಉದ್ದದ ಪ್ಲಾಟ್‌ಫಾರ್ಮಿಗಿಂತ ಹೊತ್ತಿಗೆ ಬರುವ ಪ್ಯಾಸೆಂಜರ್ ಮುಖ್ಯ.

ಅಣ್ಣಿಗೇರಿ, ಕುಂದಗೋಳ, ನವಲಗುಂದ, ಕಲಘಟಗಿ ಈ ನಾಲ್ಕು ಊರುಗಳಲ್ಲಿ ಮೊದಲೆರಡಕ್ಕೆ ಮಾತ್ರ ಹಳಿ ಸಿಕ್ಕಿತು. ನವಲಗುಂದದವರು ಇಂದಿಗೂ ಅಣ್ಣಿಗೇರಿಗೋ ಹುಬ್ಬಳ್ಳಿಗೋ ಬಂದು ರೈಲು ಹತ್ತಬೇಕು. ಹತ್ತಿಯ ಚಕ್ಕಡಿಗಳು ಸಾಗಿದ್ದ ಕಲಘಟಗಿಯ ದಾರಿಯಲ್ಲೇ ಹುಬ್ಬಳ್ಳಿ–ಅಂಕೋಲಾ ಹಳಿ ಹಾಕಲು 1990ರ ದಶಕದಲ್ಲೇ ಒಪ್ಪಿಗೆ ಸಿಕ್ಕಿತ್ತು. ಘಟ್ಟದ ಕಾಡಿನ ಪ್ರಶ್ನೆಗೆ ಅದು ಸಿಲುಕಿಕೊಂಡಿದೆ. ಕಲಘಟಗಿಗೆ ಇನ್ನೂ ರೈಲು ಬಂದಿಲ್ಲ.